ಬೇಸಗೆಯ ಬಿಡುವಿಗೂ ಒಂದು ಇತಿಹಾಸ: ಸಕಲೇಶಪುರ, ಆಲೂರು ಬೆಟ್ಟಗಳ ತೇರು, ಕೋಟೆ ಮತ್ತು ರೈಲು

ನಮ್ಮ ಊರುಗಳ ಇತಿಹಾಸವನ್ನು ನಾವು ಓದಿರುವುದು ಹೆಚ್ಚಾಗಿ ಯುದ್ಧ, ಕಂದಾಯ ಮತ್ತು ಶಾಸನಗಳ ಮೂಲಕ. ಜನ ಹೇಗೆ ದುಡಿದರು ಎಂಬುದೂ ಒಂದಷ್ಟು ದಾಖಲಾಗಿದೆ. ಆದರೆ ದುಡಿಮೆ ಮುಗಿದ ಮೇಲೆ ಅವರು ಎಲ್ಲಿ ಸೇರಿದರು, ಏನನ್ನು ನೋಡಿ ಬೆರಗಾದರು, ಯಾವ ಗೀಳು ಹಚ್ಚಿಕೊಂಡರು ಎಂಬುದಕ್ಕೆ ಇತಿಹಾಸದ ಪುಸ್ತಕಗಳಲ್ಲಿ ಜಾಗ ಸಿಕ್ಕಿದ್ದು ಕಡಿಮೆ. ಬಿಡುವು ಎಂದರೆ ಖಾಲಿ ಹೊತ್ತು, ಅದಕ್ಕೇಕೆ ಇತಿಹಾಸ ಎಂಬ ತಾತ್ಸಾರ ಇದರ ಹಿಂದಿರಬಹುದು.

ಬೆಂಗಳೂರಿನಿಂದ ಸುಮಾರು 220 ಕಿ.ಮೀ. ದೂರದ ಸಕಲೇಶಪುರ ಇಂದು ನಗರದವರ ವಾರಾಂತ್ಯದ ಊರಾಗಿದೆ. ಏಪ್ರಿಲ್, ಮೇ ತಿಂಗಳ ರಜೆಯಲ್ಲಂತೂ ಹಾಸನ ದಾಟಿ ಆಲೂರಿನ ಗದ್ದೆ ಬಯಲುಗಳ ಪಕ್ಕದಲ್ಲಿ ಸಾಗುವ ಹೆದ್ದಾರಿಯ ತುಂಬ ಕಾರುಗಳ ಸಾಲು. ಬರುವವರಲ್ಲಿ ಜಾತ್ರೆ ನೋಡುವವರಿದ್ದಾರೆ, ಕೋಟೆಯ ಫೋಟೋ ತೆಗೆಯುವವರಿದ್ದಾರೆ, ಹಕ್ಕಿ ಹುಡುಕುವವರಿದ್ದಾರೆ, ರೈಲಿನ ಎಂಜಿನ್ ನಂಬರ್ ಬರೆದುಕೊಳ್ಳಲೆಂದೇ ಬರುವ ಯುವಕರೂ ಇದ್ದಾರೆ. ಇವರೆಲ್ಲ ಅನುಭವಿಸುವ ಈ ನಲಿವು ಒಂದು ದಿನದಲ್ಲಿ ಹುಟ್ಟಿದ್ದಲ್ಲ. ಅದನ್ನು ಕಟ್ಟಿದವರು ಯಾರು? ಯಾರಿಗೆ ಅದರೊಳಗೆ ಪ್ರವೇಶವಿತ್ತು, ಯಾರಿಗೆ ಇರಲಿಲ್ಲ? ಈ ಎರಡು ಪ್ರಶ್ನೆಗಳನ್ನು ಹಿಡಿದು ಹೊರಟರೆ ಈ ಬೆಟ್ಟಗಳ ಇನ್ನೊಂದು ಇತಿಹಾಸ ನಮ್ಮೆದುರು ತೆರೆದುಕೊಳ್ಳುತ್ತದೆ.

ಹೂಮಳೆಯ ಲೆಕ್ಕ

ಮಲೆನಾಡಿನಲ್ಲಿ ಬೇಸಗೆ ಬಿಡುವಿನ ಕಾಲವಾದದ್ದು ಬೆಳೆಯ ಲೆಕ್ಕದಿಂದ. ಭತ್ತದ ಕೊಯ್ಲು, ಒಕ್ಕಣೆ ಸಂಕ್ರಾಂತಿಯ ಆಸುಪಾಸಿಗೆ ಮುಗಿಯುತ್ತದೆ. ಅರೇಬಿಕಾ ಕಾಫಿಯ ಹಣ್ಣು ನವೆಂಬರಿನಿಂದ ಜನವರಿಯವರೆಗೆ, ರೊಬಸ್ಟಾ ಅದರ ಬೆನ್ನಿಗೇ ಫೆಬ್ರವರಿ, ಮಾರ್ಚ್‌ವರೆಗೆ. ಕೊಯ್ಲು ಮುಗಿದು, ಕಣದಲ್ಲಿ ಕಾಫಿ ಒಣಗಿ, ಕೂಲಿಯ ಲೆಕ್ಕ ಚುಕ್ತಾ ಆಗುವ ಹೊತ್ತಿಗೆ ಜನ ಆಕಾಶ ನೋಡತೊಡಗುತ್ತಾರೆ. ಮಾರ್ಚ್, ಏಪ್ರಿಲಿನಲ್ಲಿ ಬೀಳುವ ಮೊದಲ ಮಳೆಯನ್ನು ಇಲ್ಲಿ ಹೂಮಳೆ ಎನ್ನುತ್ತಾರೆ. ಅದು ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ ಮಲ್ಲಿಗೆಯಂಥ ಪರಿಮಳ ಹಬ್ಬುತ್ತದೆ. ಹೂಮಳೆ ತಪ್ಪಿದರೆ ಮುಂದಿನ ವರ್ಷದ ಬೆಳೆಯೇ ತಪ್ಪಿದಂತೆ. ಹಾಗಾಗಿ ಈ ಕಾಲದ ಹಬ್ಬಗಳಲ್ಲಿ ಸಂತೋಷದೊಂದಿಗೆ ಒಂದು ಕಾತರವೂ ಬೆರೆತಿರುತ್ತದೆ.

ಸಕಲೇಶಪುರ ಮತ್ತು ನೆರೆಯ ಮೂಡಿಗೆರೆ ಸೀಮೆಯ ಹಳ್ಳಿಗಳಲ್ಲಿ ನಡೆಯುವ ಸುಗ್ಗಿ ಈ ಸಂದಿಯಲ್ಲೇ ಬರುತ್ತದೆ. ಊರಿನವರು ಒಟ್ಟಾಗಿ ಸೇರಿ, ವಾದ್ಯದ ಗತಿಗೆ ಸುತ್ತು ಕಟ್ಟಿ ಕುಣಿಯುವ ಸುಗ್ಗಿ ಕುಣಿತ ಯಾವ ವೇದಿಕೆಗೂ, ಟಿಕೆಟಿಗೂ ಕಾದು ಕೂತದ್ದಲ್ಲ. ದೂರದ ಊರುಗಳಿಗೆ ಹೋದ ಮಕ್ಕಳು, ಮದುವೆಯಾಗಿ ಹೋದ ಹೆಣ್ಣುಮಕ್ಕಳು ಮರಳಿ ಬರುವ ನೆಪವೂ ಅದೇ. ಸಕಲೇಶಪುರ ಪಟ್ಟಣದಲ್ಲಿ ಹೇಮಾವತಿಯ ದಡದಲ್ಲಿರುವ ಸಕಲೇಶ್ವರ ಸ್ವಾಮಿಯ ರಥೋತ್ಸವ ಫೆಬ್ರವರಿ ಹೊತ್ತಿಗೆ ಬಂದು ಬೇಸಗೆಗೆ ಮುನ್ನುಡಿ ಬರೆಯುತ್ತದೆ. ಚೈತ್ರ ಬಂದರೆ ಆಲೂರು, ಸಕಲೇಶಪುರ ಎರಡಕ್ಕೂ ಗಡಿಯಾದ ಬೇಲೂರಿನ ತೇರು.

ಕ್ಲಬ್ಬಿನ ಬಾಗಿಲು, ಜಾತ್ರೆಯ ಬಯಲು

ಈ ಬೆಟ್ಟಗಳ ಇಂದಿನ ಬದುಕನ್ನು ರೂಪಿಸಿದ್ದು ಕಾಫಿ. 17ನೆಯ ಶತಮಾನದಲ್ಲಿ ಬಾಬಾ ಬುಡನ್ ಯೆಮನಿನಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ನಾಡಿಗೆಲ್ಲ ಗೊತ್ತಿರುವ ಐತಿಹ್ಯ. ಆ ಗಿಡ ಮನೆಯ ಹಿತ್ತಿಲಿನಿಂದ ದೊಡ್ಡ ತೋಟಗಳಿಗೆ ಬಂದದ್ದು ಬ್ರಿಟಿಷರ ಕಾಲದಲ್ಲಿ. ಆಗ ಮಂಜರಾಬಾದ್ ಎನ್ನಿಸಿಕೊಂಡಿದ್ದ ಈ ಸೀಮೆಯಲ್ಲಿ ಫ್ರೆಡರಿಕ್ ಗ್ರೀನ್ ಎಂಬಾತ 1843ರಲ್ಲಿ ತೋಟ ಮಾಡಿದ. ಅವನ ಹಿಂದೆ ಬಂದ ರಾಬರ್ಟ್ ಎಲಿಯಟ್ 1871ರಲ್ಲಿ ಒಂದು, 1894ರಲ್ಲಿ ಇನ್ನೊಂದು ಪುಸ್ತಕ ಬರೆದು ಇಲ್ಲಿನ ಜೀವನವನ್ನು ಇಂಗ್ಲಿಷ್ ಓದುಗರಿಗೆ ಪರಿಚಯಿಸಿದ. ಎರಡನೆಯ ಪುಸ್ತಕದ ಹೆಸರಿನಲ್ಲೇ ಚಿನ್ನ, ಕಾಫಿಗಳ ಜೊತೆಗೆ ಬೇಟೆ ಮತ್ತು ಮೋಜೂ ಸೇರಿಕೊಂಡಿದೆ. ದೊರೆಗಳ ಪಾಲಿಗೆ ಈ ಕಾಡು ಹಣ ಮಾಡುವ ಜಾಗವಾಗಿದ್ದಂತೆಯೇ ಹುಲಿ, ಕಾಟಿ ಹೊಡೆಯುವ ವಿಹಾರದ ಜಾಗವೂ ಆಗಿತ್ತು.

19ನೆಯ ಶತಮಾನದ ಕೊನೆಯ ಹೊತ್ತಿಗೆ ಪ್ಲಾಂಟರುಗಳ ಕ್ಲಬ್ಬೂ ಬಂತು. ವಾರಕ್ಕೊಮ್ಮೆ ಕುದುರೆಯೇರಿ ಬಂದು ಟೆನಿಸ್, ಬಿಲಿಯರ್ಡ್ಸ್ ಆಡಿ, ಊರಿನ ಪತ್ರಿಕೆ ಓದಿ ಹೋಗುವ ಸಂಪ್ರದಾಯ. ಇಂಥ ಕ್ಲಬ್ಬುಗಳು ಸದಸ್ಯರಿಗೆ ಮಾತ್ರ ಮೀಸಲು. ವಸಾಹತು ಕಾಲದಲ್ಲಿ ಸದಸ್ಯ ಎಂದರೆ ಬಿಳಿಯ ಎಂದೇ ಅರ್ಥ. ಭಾರತೀಯ ತೋಟದ ಮಾಲೀಕರು ಒಳಗೆ ಹೋಗಿ ಕೂರುವ ಕಾಲ ಬರಲು ಬಹಳ ವರ್ಷ ಹಿಡಿಯಿತು.

ತೋಟದಲ್ಲಿ ಹಣ್ಣು ಕೊಯ್ದ ಕೈಗಳ ಬಿಡುವಿನ ಕಥೆ ಬೇರೆಯೇ. ಘಟ್ಟದ ಕೆಳಗಿನ ದಕ್ಷಿಣ ಕನ್ನಡದಿಂದ, ತಮಿಳುನಾಡಿನ ಕಡೆಯಿಂದ ಮೇಸ್ತ್ರಿಗಳು ಮುಂಗಡ ಕೊಟ್ಟು ಕರೆತಂದ ಆಳುಗಳು ಲೈನ್ ಮನೆಗಳಲ್ಲಿ ಇದ್ದು ದುಡಿದರು. ಮುಂಗಡದ ಸಾಲ ತೀರದೆ ಊರಿಗೆ ಹೋಗುವಂತಿಲ್ಲ. ಸ್ವಾತಂತ್ರ್ಯ ಬಂದ ಮೇಲೆ 1951ರಲ್ಲಿ ಆದ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯಲ್ಲಿ ಮನೆ, ಔಷಧೋಪಚಾರಗಳ ಜೊತೆಗೆ ವಾರದ ರಜೆಗೂ, ಕಾರ್ಮಿಕರ ಮತ್ತು ಅವರ ಮಕ್ಕಳ ಮನರಂಜನೆಯ ಸೌಲಭ್ಯಕ್ಕೂ ಒಂದೊಂದು ಕಲಮು ಸೇರಿತು. ನಲಿವು ಕೂಡ ಕೂಲಿಯಾಳಿನ ಹಕ್ಕು ಎಂದು ಈ ಬೆಟ್ಟಗಳ ಚರಿತ್ರೆಯಲ್ಲಿ ಕಾನೂನು ಹೇಳಿದ್ದು ಆಗ. ಕಾಗದದ ಮೇಲಿನ ಈ ಹಕ್ಕು ಎಷ್ಟು ತೋಟಗಳ ಲೈನ್‌ಗಳವರೆಗೆ ತಲುಪಿತೆಂಬುದು ಬೇರೆ ಮಾತು.

ಕ್ಲಬ್ಬಿಗೂ ಹೋಗಲಾಗದ, ಕಾನೂನಿನ ಪರಿಚಯವೂ ಇರದ ಜನರಿಗೆ ಉಳಿದದ್ದು ಜಾತ್ರೆಯ ಬಯಲು. ಅಲ್ಲಿಗೆ ಸದಸ್ಯತ್ವ ಬೇಡ. ಗರ್ಭಗುಡಿಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ, ತೇರಿನ ಹಗ್ಗವನ್ನೂ ಎಲ್ಲ ಜಾತಿಯವರಿಗೆ ಮುಟ್ಟಗೊಡುತ್ತಿರಲಿಲ್ಲ ಎಂಬುದನ್ನು ಮರೆತು ಜಾತ್ರೆಯನ್ನು ಹೊಗಳಿದರೆ ಅದು ಸುಳ್ಳಾಗುತ್ತದೆ. ಆದರೂ ಅಂಗಡಿ ಸಾಲಿನಲ್ಲಿ, ತೊಟ್ಟಿಲಿನ ಮುಂದೆ, ನಾಟಕದ ಟೆಂಟಿನ ಹೊರಗೆ ಎಲ್ಲರೂ ಅಕ್ಕಪಕ್ಕ ನಿಲ್ಲುತ್ತಿದ್ದರು. ಕರಾವಳಿಯಿಂದ ಘಟ್ಟ ಹತ್ತಿ ಬಂದ ಬ್ಯಾರಿ ವ್ಯಾಪಾರಿಗಳ ಒಣಮೀನು, ಬಳೆಗಾರರ ಮಲಾರ, ಹಾಸನ ಕಡೆಯ ಬೆಂಡು ಬತ್ತಾಸು, ಕಳ್ಳೆಪುರಿ, ಕಬ್ಬಿಣದ ಕತ್ತಿ ಗುದ್ದಲಿ ಎಲ್ಲವೂ ಒಂದೇ ಬಯಲಿನಲ್ಲಿ ಬಿಕರಿಯಾಗುತ್ತಿದ್ದವು. ಮಾರುವವನ ಮತ ಯಾವುದೆಂದು ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೇ ಜನ ಕೊಳ್ಳುತ್ತಿದ್ದರು.

ತೇರಿನ ಮುಂದೆ ಖಾಜಿ

ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವ ದೇವಾಲಯ 2023ರ ಸೆಪ್ಟೆಂಬರಿನಲ್ಲಿ ಹಳೇಬೀಡು, ಸೋಮನಾಥಪುರಗಳ ಜೊತೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಶಿಲ್ಪಕಲೆಗಾಗಿ ಸಿಕ್ಕ ಮನ್ನಣೆ ಅದು. ಆದರೆ ಯಾವ ಪಟ್ಟಿಗೂ ಸೇರದ ಇನ್ನೊಂದು ಪರಂಪರೆ ಆ ದೇವಾಲಯದ ಮುಂದಿದೆ. ಚೈತ್ರದಲ್ಲಿ ಎರಡು ದಿನ ನಡೆಯುವ ರಥೋತ್ಸವದಲ್ಲಿ ತೇರು ಕದಲುವ ಮುನ್ನ ದೊಡ್ಡ ಮೇದೂರಿನ ಖಾಜಿ ಮನೆತನದವರು ಬಂದು ಕುರ್‌ಆನಿನ ಭಾಗವನ್ನು ಪಠಿಸುವ ವಾಡಿಕೆ. 1932ರ ದೇವಾಲಯದ ಕೈಪಿಡಿಯಲ್ಲಿ ಇದರ ಉಲ್ಲೇಖವಿದೆ.

ನಾಡಿನಲ್ಲಿ ಇದೊಂದೇ ಅಲ್ಲ. ಅದೇ ಚೈತ್ರದ ಹುಣ್ಣಿಮೆಯ ರಾತ್ರಿ ಬೆಂಗಳೂರಿನ ಧರ್ಮರಾಯ ಗುಡಿಯಿಂದ ಹೊರಡುವ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿಯೇ ಮುಂದೆ ಸಾಗುತ್ತದೆ. ಬೆಟ್ಟದ ಊರಿನಲ್ಲೂ ಮಹಾನಗರದಲ್ಲೂ ಬೇಸಗೆಯ ದೊಡ್ಡ ಹಬ್ಬ ಪಕ್ಕದ ಮನೆಯವನನ್ನು ಸೇರಿಸಿಕೊಂಡೇ ಬೆಳೆದಿದೆ.

2022ರ ಮಾರ್ಚ್ ತಿಂಗಳಲ್ಲಿ ಈ ಬಯಲಿಗೆ ಬೇಲಿ ಬಿತ್ತು. ಹಿಜಾಬ್ ಕುರಿತ ಹೈಕೋರ್ಟ್ ತೀರ್ಪಿನ ನಂತರದ ದಿನಗಳಲ್ಲಿ ಕರಾವಳಿಯ ಕೆಲವು ದೇವಸ್ಥಾನಗಳ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳು ಅಂಗಡಿ ಹಾಕಬಾರದೆಂಬ ಫಲಕಗಳು ಎದ್ದವು. ಅನ್ಯಧರ್ಮೀಯರಿಗೆ ದೇವಸ್ಥಾನದ ಜಾಗ ಗುತ್ತಿಗೆ ಕೊಡಬಾರದೆಂಬ 2002ರ ಮುಜರಾಯಿ ನಿಯಮವನ್ನು ಇದಕ್ಕೆ ಆಧಾರವಾಗಿ ತೋರಿಸಲಾಯಿತು. ಘಟ್ಟ ಹತ್ತಿದ ಆ ಗಾಳಿ ಬೇಲೂರಿಗೂ ಬಂತು. ಪಠಣ ನಿಲ್ಲಬೇಕೆಂದು ಕೆಲವು ಸಂಘಟನೆಗಳು ಒತ್ತಾಯಿಸಿದವು. ಮುಜರಾಯಿ ಇಲಾಖೆ ವಾಡಿಕೆಯನ್ನು ಮುಂದುವರಿಸಲು ತಿಳಿಸಿತು. ಏಪ್ರಿಲಿನಲ್ಲಿ ಪಠಣವೂ ನಡೆಯಿತು, ತೇರೂ ಎಳೆಯಲ್ಪಟ್ಟಿತು. ಅದೇ ತಿಂಗಳು ಬೆಂಗಳೂರಿನ ಕರಗವೂ ವಿರೋಧದ ದನಿಗಳ ನಡುವೆ ಎಂದಿನಂತೆ ದರ್ಗಾಕ್ಕೆ ಹೋಗಿ ಬಂತು. ಆದರೆ 2023ರಲ್ಲಿ ಬೇಲೂರಿನ ಪಠಣ ತೇರಿನ ಎದುರಿನಿಂದ ದೇವಾಲಯದ ಮೆಟ್ಟಿಲ ಬಳಿಗೆ ಸರಿಯಿತು. ಅಳತೆಯಲ್ಲಿ ಅದು ಕೆಲವೇ ಮಾರು ದೂರ. ಆ ದೂರದ ಅರ್ಥ ಏನೆಂಬುದನ್ನು ಊರಿನವರೇ ಯೋಚಿಸಬೇಕು.

ಇಲ್ಲಿ ಪಂಚಾಂಗದ ಒಂದು ಸ್ವಾರಸ್ಯವನ್ನು ಗಮನಿಸಬಹುದು. ಹಿಜರಿ ವರ್ಷಕ್ಕೆ ಸುಮಾರು 354 ದಿನ. ಆದ್ದರಿಂದ ರಂಝಾನ್, ಮುಹರ್ರಮ್‌ಗಳು ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ, ಸುಮಾರು 33 ವರ್ಷಕ್ಕೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತವೆ. ಚೈತ್ರವಾದರೋ ಅಧಿಕ ಮಾಸದ ಆಸರೆಯಿಂದ ಬೇಸಗೆಯಲ್ಲೇ ನಿಲ್ಲುತ್ತದೆ. 2022ರಲ್ಲೂ 2023ರಲ್ಲೂ ಬೇಲೂರಿನ ತೇರು ರಂಝಾನ್ ತಿಂಗಳೊಳಗೇ ಬಂದಿತ್ತು. ಉಪವಾಸದ ತಿಂಗಳೂ ತೇರಿನ ತಿಂಗಳೂ ಒಂದೇ ಆದ ವರ್ಷಗಳಲ್ಲೇ ಇಬ್ಬರ ನಡುವೆ ಗೆರೆ ಎಳೆಯುವ ಯತ್ನ ನಡೆದದ್ದು ವಿಷಾದದ ಸಂಗತಿ.

2025ರ ಸೆಪ್ಟೆಂಬರಿನಲ್ಲಿ ಇದೇ ಹಾಸನದ ಲೇಖಕಿ ಬಾನು ಮುಷ್ತಾಕ್ ಮೈಸೂರು ದಸರಾ ಉದ್ಘಾಟಿಸಬಾರದೆಂದು ಕೆಲವರು ನ್ಯಾಯಾಲಯದವರೆಗೂ ಹೋದರು. ಹೈಕೋರ್ಟೂ ಸುಪ್ರೀಂ ಕೋರ್ಟೂ ಅರ್ಜಿಗಳನ್ನು ತಳ್ಳಿಹಾಕಿದವು. ಆ ವರ್ಷದ ಮೇ ತಿಂಗಳಲ್ಲಷ್ಟೇ ಕನ್ನಡಕ್ಕೆ ಅಂತಾರಾಷ್ಟ್ರೀಯ ಬೂಕರ್ ತಂದುಕೊಟ್ಟಿದ್ದ ಲೇಖಕಿ ಸೆಪ್ಟೆಂಬರ್ 22ರಂದು ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದರು. ಹಬ್ಬ ಯಾರದ್ದು ಎಂಬ ಪ್ರಶ್ನೆ ಬೇಲೂರಿನ ಬೀದಿಯಲ್ಲಿ ಮಾತ್ರ ಎದ್ದದ್ದಲ್ಲ ಎಂಬುದಕ್ಕೆ ಇಷ್ಟು ಸಾಕು.

ಬೀದಿಯೇ ಚಿತ್ರಶಾಲೆ

ಇಂದು ಬೀದಿಕಲೆ ಎಂದೊಡನೆ ನಗರದ ಗೋಡೆಗಳ ಬಣ್ಣದ ಚಿತ್ರಗಳು ನೆನಪಾಗುತ್ತವೆ. ಆದರೆ ಬೀದಿಗೆ ಬಣ್ಣ ಬಳಿಯುವುದು ನಮ್ಮ ಜನರಿಗೆ ಹೊಸತಲ್ಲ. ಮನೆಯ ಮುಂದಿನ ರಂಗೋಲಿ ದಿನಾ ಅಳಿಸಿ ದಿನಾ ಮೂಡುವ ಬೀದಿಚಿತ್ರ. ಜಾತ್ರೆಯಲ್ಲಿ ಹಚ್ಚೆ ಹಾಕುವ ಹೆಂಗಸು ಮೈಯನ್ನೇ ಹಲಗೆ ಮಾಡಿಕೊಂಡ ಕಲಾವಿದೆ. ನಾಡಿನ ಹಲವೆಡೆ ಮುಹರ್ರಮ್ಮಿನಲ್ಲಿ ಹರಕೆ ಹೊತ್ತವರು ಮೈತುಂಬ ಹಳದಿ, ಕಪ್ಪು ಪಟ್ಟೆ ಬಳಿದುಕೊಂಡು ಹುಲಿವೇಷದಲ್ಲಿ ಕುಣಿಯುತ್ತಾರೆ. ಬಾಬಯ್ಯನ ಹಬ್ಬ ಎಂದು ಕರೆದು ಅದರಲ್ಲಿ ಕುಣಿದವರಲ್ಲಿ, ಬಣ್ಣ ಬಳಿದವರಲ್ಲಿ ಹಿಂದೂಗಳೇ ಹೆಚ್ಚಿದ್ದ ಊರುಗಳೂ ಇವೆ.

ಜಾತ್ರೆಯ ಸರ್ಕಸ್ಸು, ಸಾವಿನ ಬಾವಿ, ನಾಟಕ ಕಂಪನಿಗಳ ಬೋರ್ಡುಗಳನ್ನು ಬರೆದವರು ಒಂದು ದೊಡ್ಡ ಕಲಾವಿದ ವರ್ಗ. ಸಿನಿಮಾ ಕಟೌಟು ಬರೆದವರೂ ಅವರೇ, ಹೋಟೆಲಿನ ಗೋಡೆಗೆ ಜಲಪಾತ ಬರೆದವರೂ ಅವರೇ, ಲಾರಿಯ ಹಿಂಬದಿಗೆ ಹಕ್ಕಿ, ಹೂವು, ಚಂದ್ರ ನಕ್ಷತ್ರ ಬಿಡಿಸಿದವರೂ ಅವರೇ. ಫ್ಲೆಕ್ಸ್ ಬಂದ ಮೇಲೆ ಅವರ ಕುಂಚಕ್ಕೆ ಕೆಲಸ ಹೋಯಿತು. 2009ರಲ್ಲಿ ಬೆಂಗಳೂರಿನ ಮಹಾನಗರ ಪಾಲಿಕೆ ರಸ್ತೆ ಬದಿಯ ಗೋಡೆಗಳಿಗೆ ಚಿತ್ರ ಬರೆಸಲು ಮುಂದಾದಾಗ ಏಣಿ ಹತ್ತಿದವರಲ್ಲಿ ಹೀಗೆ ಕೆಲಸ ಕಳೆದುಕೊಂಡ ಸಿನಿಮಾ ಪೋಸ್ಟರ್ ಕಲಾವಿದರು ಬಹಳ ಮಂದಿ ಇದ್ದರು. ನಗರ ಇಂದು ಮೆಚ್ಚುವ ಗೋಡೆಚಿತ್ರಗಳ ಬೆನ್ನ ಹಿಂದೆ ಜಾತ್ರೆಯ ಬೋರ್ಡು ಬರೆದ ಈ ಕೈಗಳಿವೆ.

ಗೋಡೆಯ ಮೇಲೆ ಬರೆಯುವ ಇನ್ನೊಂದು ಬಗೆಯೂ ಇದೆ. ಮಂಜರಾಬಾದ್ ಕೋಟೆಯ ಕಲ್ಲುಗಳ ಮೇಲೆ ಮೊಳೆಯಿಂದ ಕೆತ್ತಿದ ಪ್ರೇಮಿಗಳ ಹೆಸರು, ಬಾಣ ಚುಚ್ಚಿದ ಹೃದಯ, ಮೊಬೈಲ್ ನಂಬರ್! ಇದನ್ನು ಕಲೆ ಎನ್ನುವವರಿಲ್ಲ. ಆದರೆ ಹೀಗೆ ಕೆತ್ತುವ ಕೈಗೆ ತಾನು ನಿಂತ ಜಾಗ ಎಂಥದ್ದೆಂಬುದು ಗೊತ್ತಿಲ್ಲ ಎನ್ನುವುದಂತೂ ನಿಜ.

ನಕ್ಷತ್ರದ ಕೋಟೆ

ಸಕಲೇಶಪುರದಿಂದ ಮಂಗಳೂರಿನತ್ತ ಐದಾರು ಕಿ.ಮೀ. ಹೋದರೆ ದೋಣಿಗಲ್ ಬಳಿ ಹೆದ್ದಾರಿಯ ಪಕ್ಕದ ಗುಡ್ಡದ ಮೇಲೆ ಈ ಕೋಟೆ ಇದೆ. ಇನ್ನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು. ಸಮುದ್ರಮಟ್ಟದಿಂದ ಸುಮಾರು 3,240 ಅಡಿ ಎತ್ತರ. ಟಿಪ್ಪು ಸುಲ್ತಾನ್ ಇದನ್ನು ಕಟ್ಟಿ ಮುಗಿಸಿದ್ದು 1792ರಲ್ಲಿ. ಅದೇ ವರ್ಷ ಮಾರ್ಚಿನಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಗಿ ಅವನು ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಒತ್ತೆಯಾಗಿ ಕೊಡಬೇಕಾಯಿತು. ಮೈಸೂರಿಗೂ ಮಂಗಳೂರಿನ ಬಂದರಿಗೂ ನಡುವಿನ ಘಟ್ಟದ ದಾರಿ ಕಾಯುವುದು ಆಗ ರಾಜ್ಯದ ಉಳಿವಿನ ಪ್ರಶ್ನೆ.

ಮಂಜು ಕವಿದದ್ದನ್ನು ಕಂಡು ಸುಲ್ತಾನ ಮಂಜರಾಬಾದ್ ಎಂದು ಕರೆದನೆಂದು ಜನ ಹೇಳುತ್ತಾರೆ. ಮಂಝರ್ ಎಂದರೆ ಉರ್ದುವಿನಲ್ಲಿ ನೋಟ, ದೃಶ್ಯ. ಕನ್ನಡದ ಮಂಜೂ ಉರ್ದುವಿನ ಮಂಝರೂ ಈ ಬೆಟ್ಟಕ್ಕೆ ಚೆನ್ನಾಗಿಯೇ ಒಪ್ಪುತ್ತವೆ.

ಕೋಟೆಯ ವಿಶೇಷ ಅದರ ಆಕಾರ. ಎಂಟು ಮೂಲೆಯ ನಕ್ಷತ್ರ. 17ನೆಯ ಶತಮಾನದ ಫ್ರೆಂಚ್ ಸೇನಾ ಎಂಜಿನಿಯರ್ ವೊಬಾನ್ ಬೆಳೆಸಿದ ಪದ್ಧತಿ ಇದು. ದುಂಡು ಬುರುಜಿನ ಕೋಟೆಯಲ್ಲಿ ಬುರುಜಿನ ಬುಡಕ್ಕೆ ಬಂದು ನಿಂತ ಶತ್ರುವಿಗೆ ಮೇಲಿನಿಂದ ಗುಂಡು ತಾಗುವುದಿಲ್ಲ. ಗೋಡೆಯನ್ನು ಬಾಣದ ಮೊನೆಯಂತೆ ಹೊರಗೆ ಚಾಚಿದರೆ ಒಂದು ಮೊನೆಯ ಬದಿಯನ್ನು ಪಕ್ಕದ ಮೊನೆಯ ತುಪಾಕಿಗಳು ಕಾಯುತ್ತವೆ. ಅಡಗಿ ನಿಲ್ಲಲು ಎಲ್ಲಿಯೂ ಜಾಗ ಉಳಿಯುವುದಿಲ್ಲ. 1787ರಲ್ಲಿ ಪ್ಯಾರಿಸ್ಸಿಗೆ ರಾಯಭಾರಿಗಳನ್ನು ಕಳುಹಿಸಿ ಫ್ರಾನ್ಸಿನ ದೊರೆಯ ಸ್ನೇಹ ಬಯಸಿದ್ದ ಟಿಪ್ಪುವಿಗೆ ಅಲ್ಲಿನ ಕಟ್ಟಡ ವಿದ್ಯೆಯ ಪರಿಚಯ ಇದ್ದದ್ದು ಸಹಜ. ಒಳಗೆ ನಟ್ಟನಡುವೆ ಮೆಟ್ಟಿಲಿಳಿದು ಹೋಗುವ ಕೂಡು ಚಿಹ್ನೆಯಾಕಾರದ ಕೊಳವಿದೆ. ಮದ್ದು ಒಣಗಿರಲೆಂದು ಕಟ್ಟಿದ ನೆಲಮಾಳಿಗೆಗಳಿವೆ. ಮಳೆ ಸುರಿಯುವ ಈ ಸೀಮೆಯಲ್ಲಿ ಮದ್ದನ್ನು ಒಣಗಿಸಿಡುವುದು ಯುದ್ಧಕ್ಕಿಂತ ಕಠಿಣವಾದ ಕೆಲಸವಾಗಿದ್ದಿರಬೇಕು!

ಸ್ವಾರಸ್ಯವೆಂದರೆ ಈ ನಕ್ಷತ್ರ ನೆಲದ ಮೇಲೆ ನಿಂತವರಿಗೆ ಕಾಣುವುದೇ ಇಲ್ಲ. ಅದನ್ನು ಪೂರ್ತಿಯಾಗಿ ಕಂಡದ್ದು ನಕ್ಷೆ ಬರೆದವನ ಕಣ್ಣು ಮಾತ್ರ. ಎರಡು ಶತಮಾನದ ಬಳಿಕ ಕಂಪ್ಯೂಟರಿನಲ್ಲಿ ಉಪಗ್ರಹ ಚಿತ್ರಗಳು ಸಿಗತೊಡಗಿ, ಆಮೇಲೆ ಡ್ರೋನ್ ಕ್ಯಾಮೆರಾಗಳು ಬಂದಾಗ ಜನಸಾಮಾನ್ಯರಿಗೂ ಆ ಆಕಾರ ಕಂಡಿತು. ನಕ್ಷೆಗಳ ಗೀಳು, ಫೋಟೋದ ಗೀಳು ಇರುವ ಯುವಜನರನ್ನು ಮಂಜರಾಬಾದ್ ಸೆಳೆದದ್ದು ಹೀಗೆ. ನಾಣ್ಯ ಸಂಗ್ರಹಿಸುವವರಿಗೂ ಟಿಪ್ಪು ಪ್ರಿಯ. ಆನೆಯ ಚಿತ್ರವಿರುವ ಅವನ ತಾಮ್ರದ ಪೈಸೆಗಳು ಸಂಗ್ರಾಹಕರ ಅಚ್ಚುಮೆಚ್ಚು. ಅವನು ತಂದ ಮೌಲೂದಿ ಶಕೆಯ ಇಸವಿಯನ್ನು ನಾಣ್ಯದ ಮೇಲೆ ಬಲದಿಂದ ಎಡಕ್ಕೆ ಓದಬೇಕು. ಆ ಪಂಚಾಂಗವೋ ನಮ್ಮ ಅರವತ್ತು ಸಂವತ್ಸರಗಳ ಚಕ್ರವನ್ನೇ ಹೊಸ ಹೆಸರುಗಳಲ್ಲಿ ಇಟ್ಟುಕೊಂಡಿತ್ತು. ಎರಡು ಪಂಚಾಂಗಗಳನ್ನು ಹೊಂದಿಸುವ ಯೋಚನೆ ಈ ನಾಡಿನಲ್ಲಿ ಆಗಲೇ ನಡೆದಿತ್ತು.

ಕೋಟೆಯ ಇನ್ನೊಂದು ಮುಖವನ್ನೂ ಮರೆಯಬಾರದು. ಇದು ಮೊದಲು ಬಳಂ ಸೀಮೆ, ಐಗೂರು ಪಾಳೆಯಗಾರರ ನಾಡು. ಅವರು ಮೈಸೂರಿನ ಆಳ್ವಿಕೆಗೂ ಸುಲಭಕ್ಕೆ ತಲೆಬಾಗಿದವರಲ್ಲ, ಟಿಪ್ಪುವಿನ ನಂತರ ಬಂದ ಕಂಪನಿಗೂ ತಲೆಬಾಗಲಿಲ್ಲ. 1802ರಲ್ಲಿ ಆರ್ಥರ್ ವೆಲ್ಲೆಸ್ಲಿ ಸ್ವತಃ ಸೈನ್ಯದೊಡನೆ ಬಂದು ಆ ಬಂಡಾಯವನ್ನು ಹತ್ತಿಕ್ಕಿದ. ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ಸೇನಾಪತಿ ಇದೇ ಕಾಡಿನ ದಾರಿಗಳಲ್ಲಿ ಸೆಣಸಿ ಹೋದವನು. 2015ರಿಂದ 2019ರವರೆಗೆ ಟಿಪ್ಪು ಜಯಂತಿಯ ಹೆಸರಿನಲ್ಲಿ ನಾಡು ಹೊಗಳಿಕೆ, ತೆಗಳಿಕೆಗಳಲ್ಲಿ ಇಬ್ಭಾಗವಾಗಿದ್ದಾಗ ಈ ಕೋಟೆಯನ್ನು ಒಮ್ಮೆ ಬಂದು ನೋಡಿ ಎಂದವರು ಕಡಿಮೆ. ನೋಡಿದ್ದರೆ ಸುಲ್ತಾನನ ಆಜ್ಞೆ, ಫ್ರಾನ್ಸಿನ ಗಣಿತ, ಊರ ಕಲ್ಲುಕುಟಿಗರ ಉಳಿ ಮೂರೂ ಒಂದೇ ಗೋಡೆಯಲ್ಲಿ ಕಾಣುತ್ತಿದ್ದವು.

ಹಳಿಯ ಗೀಳು

ಈ ಬೆಟ್ಟಗಳನ್ನು ಹವ್ಯಾಸಿಗಳ ತೀರ್ಥವಾಗಿಸಿದ್ದು ರೈಲು. ಹಾಸನ ಮಂಗಳೂರು ಮೀಟರ್ ಗೇಜ್ ಮಾರ್ಗ 1979ರಲ್ಲಿ ಪೂರ್ತಿಯಾಗಿ ತೆರೆಯಿತು. ಆಲೂರನ್ನು ಹಾದು ಸಕಲೇಶಪುರಕ್ಕೆ ಬಂದ ಹಳಿ ಅಲ್ಲಿಂದ ಸುಬ್ರಹ್ಮಣ್ಯ ರೋಡಿನವರೆಗಿನ 55 ಕಿ.ಮೀ. ಘಟ್ಟದಲ್ಲಿ 57 ಸುರಂಗಗಳನ್ನೂ ನೂರಕ್ಕೂ ಹೆಚ್ಚು ಸೇತುವೆಗಳನ್ನೂ ದಾಟುತ್ತದೆ. 50 ಅಡಿ ಸಾಗಿದರೆ ಒಂದು ಅಡಿ ಇಳಿಯುವ ಕಡಿದಾದ ದಾರಿ. ದೋಣಿಗಲ್, ಕಡಗರವಳ್ಳಿ, ಯಡಕುಮೇರಿ, ಶಿರಿಬಾಗಿಲು ಎಂಬ ಕಾಡಿನ ನಡುವಿನ ನಿಲ್ದಾಣಗಳ ಹೆಸರುಗಳು ರೈಲು ಪ್ರಿಯರಿಗೆ ಬಾಯಿಪಾಠ.

1996ರಲ್ಲಿ ಬ್ರಾಡ್ ಗೇಜ್ ಪರಿವರ್ತನೆಗಾಗಿ ಮಾರ್ಗ ಮುಚ್ಚಿತು. ಎರಡು ಹಳಿಗಳ ನಡುವಿನ ಅಂತರವನ್ನು 1,000 ಮಿ.ಮೀ.ನಿಂದ 1,676 ಮಿ.ಮೀ.ಗೆ ಹಿಗ್ಗಿಸಲು ಹತ್ತು ವರ್ಷ ಹಿಡಿಯಿತು. 2006ರಲ್ಲಿ ಸರಕು ರೈಲು, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿದವು. ರೈಲಿಲ್ಲದ ಆ ವರ್ಷಗಳಲ್ಲಿ ಬೆಂಗಳೂರಿನ ಯುವಕರು ಬೆನ್ನಿಗೆ ಚೀಲ ಹಾಕಿಕೊಂಡು ಹಳಿಯ ಮೇಲೆ ನಡೆಯತೊಡಗಿದರು. ‘ಗ್ರೀನ್ ರೂಟ್’ ಎಂಬ ಹೆಸರು ಜನಪ್ರಿಯವಾಯಿತು. ರೈಲು ಮರಳಿದ ಮೇಲೂ ಕೆಲವರು ನಡೆಯುವುದನ್ನು ಬಿಡಲಿಲ್ಲ. ಕತ್ತಲ ಸುರಂಗದಲ್ಲಿ ಎದುರು ರೈಲು ಬಂದರೆ ಸರಿದು ನಿಲ್ಲಲು ಜಾಗವಿಲ್ಲ. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಹೀಗೆ ಹಳಿಯ ಮೇಲೆ ನಡೆಯುವುದು ಆರು ತಿಂಗಳ ಸಜೆಗೆ ಗುರಿಮಾಡುವ ಅಪರಾಧವೂ ಹೌದು.

ಹಳಿ ತುಳಿಯದೆಯೂ ಈ ಗೀಳನ್ನು ಸವಿಯಬಹುದು. ಸುಬ್ರಹ್ಮಣ್ಯ ರೋಡಿನಲ್ಲಿ ಘಟ್ಟ ಹತ್ತುವ ರೈಲಿಗೆ ಹಿಂದಿನಿಂದ ನೂಕುವ ಎಂಜಿನ್ನುಗಳನ್ನು ಜೋಡಿಸುತ್ತಾರೆ. ಅವುಗಳನ್ನು ಬ್ಯಾಂಕರ್ ಎನ್ನುತ್ತಾರೆ. ಹಾರ್ನಿನ ದನಿಯಿಂದ ಎಂಜಿನ್ನಿನ ಜಾತಿ ಹೇಳುವ, ನಂಬರ್ ನೋಡಿ ಯಾವ ಶೆಡ್ಡಿನದೆಂದು ಹೇಳುವ ಹುಡುಗರು ಪ್ಲಾಟ್‌ಫಾರ್ಮಿನ ತುದಿಯಲ್ಲಿ ನೋಟುಬುಕ್ ಹಿಡಿದು ನಿಂತಿರುತ್ತಾರೆ. 2021ರ ಜುಲೈನಲ್ಲಿ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿಗಳೂ ಬಂದವು. ಅದರ ಟಿಕೆಟ್ ಕೊಳ್ಳಲಾಗದವನಿಗೂ ಜನರಲ್ ಬೋಗಿಯ ಕಿಟಕಿಯಲ್ಲಿ ಅದೇ ಕಾಡು, ಅದೇ ಜಲಪಾತ ಕಾಣುತ್ತದೆ.

ಈ ನೋಟಕ್ಕಾಗಿ ದುಡಿಯುವವರನ್ನು ಮಾತ್ರ ಯಾರೂ ಫೋಟೋ ತೆಗೆಯುವುದಿಲ್ಲ. 2024ರ ಜುಲೈ ಕೊನೆಯಲ್ಲಿ ಯಡಕುಮೇರಿ, ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಕುಸಿದು ರೈಲುಗಳು ಹಲವು ದಿನ ನಿಂತವು. ಸುರಿಯುವ ಮಳೆಯಲ್ಲಿ ಕಲ್ಲಿನ ಗೋಡೆ ಕಟ್ಟಿ ಮಾರ್ಗವನ್ನು ಎತ್ತಿ ನಿಲ್ಲಿಸಿದವರು ಕಾರ್ಮಿಕರು. ಲಾಟೀನು, ಸುತ್ತಿಗೆ ಹಿಡಿದು ಇರುಳಿಡೀ ಹಳಿ ಕಾಯುವ ಗ್ಯಾಂಗ್‌ಮನ್ ಇದೇ ದಾರಿಯಲ್ಲಿ ನಡೆಯುತ್ತಾನೆ. ಅವನಿಗೆ ಅದು ಟ್ರೆಕ್ಕಿಂಗ್ ಅಲ್ಲ.

ಗೀಳು ಅರಿವಾಗಬಹುದು ಎಂಬುದಕ್ಕೆ ಮಲೆನಾಡು ದೊಡ್ಡ ನಿದರ್ಶನವನ್ನೇ ಕೊಟ್ಟಿದೆ. ನೆರೆಯ ಮೂಡಿಗೆರೆಯ ತೋಟದಲ್ಲಿ 2007ರ ಏಪ್ರಿಲ್ 5ರಂದು ತೀರಿಕೊಂಡ ಪೂರ್ಣಚಂದ್ರ ತೇಜಸ್ವಿ ಗಾಳ ಹಾಕಿದರು, ಹಕ್ಕಿಗಳ ಫೋಟೋ ತೆಗೆದರು, ಚಿತ್ರ ಬರೆದರು, ಕಂಪ್ಯೂಟರಿಗೆ ಕನ್ನಡ ಕಲಿಸಲು ಹೊರಟರು. 1980ರಲ್ಲಿ ಬಂದ ಅವರ ‘ಕರ್ವಾಲೋ’ದಲ್ಲಿ ಹಾರುವ ಓತಿಯನ್ನು ಹುಡುಕುವ ವಿಜ್ಞಾನಿಗೆ ದಾರಿ ತೋರಿಸುವವನು ಹಳ್ಳಿಯ ಮಂದಣ್ಣ. ಹವ್ಯಾಸಕ್ಕೆ ಪದವಿಯೂ ಬೇಡ, ನಗರವೂ ಬೇಡ ಎಂಬುದನ್ನು ಅವರು ಬದುಕಿಯೇ ತೋರಿಸಿದರು.

ನೀರು ಇಳಿದಾಗ

ಬೇಸಗೆ ಇನ್ನೊಂದು ನೋಟವನ್ನೂ ತೆರೆಯುತ್ತದೆ. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದಾಗ ಹಾಸನ, ಆಲೂರು ಭಾಗದ ಹಳ್ಳಿಗಳು ನೀರಿನಡಿ ಸೇರಿದವು. ಶೆಟ್ಟಿಹಳ್ಳಿಯಲ್ಲಿ 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ ಇಗರ್ಜಿಯೂ ಮುಳುಗಿತು. ಮಳೆಗಾಲದಲ್ಲಿ ಅದರ ಕಮಾನುಗಳ ತುದಿ ಮಾತ್ರ ನೀರಿನ ಮೇಲೆ. ಬೇಸಗೆಯಲ್ಲಿ ನೀರು ಇಳಿದಾಗ ಇಡೀ ಕಟ್ಟಡ ಎದ್ದು ನಿಲ್ಲುತ್ತದೆ. ಜನ ಮದುವೆ ಫೋಟೋ ತೆಗೆಸಿಕೊಳ್ಳಲು ಬರುತ್ತಾರೆ. ಅದೇ ನೀರಿನಡಿ ಯಾರದೋ ಗದ್ದೆ, ಯಾರದೋ ಅಜ್ಜನ ಗೋರಿ ಇದೆ ಎಂಬುದು ಆ ಫೋಟೋದಲ್ಲಿ ಬರುವುದಿಲ್ಲ.

ಊರಿನವರ ಸಂಜೆಯ ಬಿಡುವನ್ನು ಈಗ ಆನೆಗಳು ಕಿತ್ತುಕೊಂಡಿವೆ. ಆಲೂರು, ಸಕಲೇಶಪುರ ತಾಲ್ಲೂಕುಗಳಲ್ಲಿ ಕಾಡಾನೆ ಎಲ್ಲಿದೆ ಎಂಬ ಸಂದೇಶ ಮೊಬೈಲಿಗೆ ಬಂದ ಮೇಲೆಯೇ ಜನ ಹೊರಗೆ ಕಾಲಿಡುವ ಪರಿಸ್ಥಿತಿ. ಭೀಮನಂಥ ಸಲಗಗಳ ಹೆಸರು ಮಕ್ಕಳಿಗೂ ಗೊತ್ತು. ನಗರದ ಹುಡುಗ ಎಂಜಿನ್ ನಂಬರ್ ಗುರುತಿಸುವಂತೆ ಇಲ್ಲಿನ ಹುಡುಗ ಆನೆಯ ಕೋರೆ, ಕಿವಿ ನೋಡಿ ಹೆಸರು ಹೇಳುತ್ತಾನೆ. ಅವನಿಗೆ ಅದು ಜೀವ ಉಳಿಸಿಕೊಳ್ಳುವ ವಿದ್ಯೆ. ಮೈಸೂರು ದಸರೆಯಲ್ಲಿ ಎಂಟು ಬಾರಿ ಅಂಬಾರಿ ಹೊತ್ತ ಅರ್ಜುನ ಸತ್ತದ್ದೂ ಇದೇ ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿ, 2023ರ ಡಿಸೆಂಬರ್ 4ರಂದು, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ. ರಾತ್ರಿ ನಾಟಕ ನೋಡಿ ಹತ್ತು ಜನ ಮಾತಾಡುತ್ತ ಕಾಡುದಾರಿಯಲ್ಲಿ ಮನೆಗೆ ಮರಳುತ್ತಿದ್ದ ಕಾಲ ಈ ಹಳ್ಳಿಗಳಲ್ಲಿ ಮುಗಿದಿದೆ.

ಯಾರಿಗೆ ಬಾಗಿಲು?

ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಈ ಬೆಟ್ಟಗಳ ಬೇಸಗೆಯ ಸೊಗಸಿನಲ್ಲಿ ಒಬ್ಬರದೇ ಎನ್ನುವಂಥದ್ದು ಯಾವುದೂ ಇಲ್ಲ. ಹೊಯ್ಸಳರ ಗುಡಿಯ ತೇರಿನ ಮುಂದೆ ಖಾಜಿ, ಸುಲ್ತಾನನ ಕೋಟೆಯಲ್ಲಿ ಫ್ರಾನ್ಸಿನ ನಕ್ಷೆ, ಯೆಮನಿನ ಬೀಜಕ್ಕೆ ಮಲೆನಾಡಿನ ಹೂಮಳೆ, ನೀರಿನಿಂದ ಏಳುವ ಇಗರ್ಜಿ, ಹೆಸರಿಲ್ಲದ ಕೂಲಿಗಳು ಕೊರೆದ 57 ಸುರಂಗ. ಕ್ಲಬ್ಬಿನ ಬಾಗಿಲು ಮುಚ್ಚಿದ್ದ ಕಾಲದಲ್ಲೂ ಜಾತ್ರೆಯ ಬಯಲು ತೆರೆದಿತ್ತು. ಈಗ ಕ್ಲಬ್ಬಿನ ಬಾಗಿಲು ಹಣವಿದ್ದವರಿಗೆಲ್ಲ ಒಂದಷ್ಟು ತೆರೆದಿದೆ, ರೆಸಾರ್ಟುಗಳೂ ತೆರೆದಿವೆ. ಅದೇ ಹೊತ್ತಿಗೆ ಬಯಲಿಗೆ ಬೇಲಿ ಹಾಕುವ ಮಾತು ಕೇಳಿಬರುತ್ತಿದೆ. ಬಳೆ ಮಾರುವವನಿಗೆ ಅಂಗಡಿ ಹಾಕಲು ಎಂಟು ಅಡಿ ಜಾಗ ತಪ್ಪಿದರೆ ಅವನ ವರ್ಷದ ದುಡಿಮೆ ತಪ್ಪುತ್ತದೆ. ಜಾತ್ರೆಗೂ ಅದರ ಅರ್ಧ ಬಣ್ಣ ತಪ್ಪುತ್ತದೆ.

ಮುಂದಿನ ಚೈತ್ರದಲ್ಲಿ ಈ ಕಡೆ ಬರುವವರು ಕೋಟೆಯ ಗೋಡೆಯ ಮೇಲೆ ಹೆಸರು ಕೆತ್ತದೆ, ಅದನ್ನು ಕಟ್ಟಿದವರನ್ನು ಒಮ್ಮೆ ನೆನೆಯಲಿ. ಸುರಂಗದೊಳಗೆ ನಡೆಯದೆ ಜನರಲ್ ಬೋಗಿಯ ಕಿಟಕಿಯಲ್ಲಿ ಕೂರಲಿ. ಬೇಲೂರಿನ ತೇರಿನ ದಿನ ಅಂಗಡಿ ಸಾಲಿನಲ್ಲಿ ನಡೆಯುವಾಗ ಕಳೆದ ವರ್ಷ ಇದ್ದ ಬಳೆಯಂಗಡಿ ಈ ವರ್ಷವೂ ಇದೆಯೇ ಎಂದು ನೋಡಲಿ. ಇಲ್ಲದಿದ್ದರೆ ಯಾಕಿಲ್ಲ ಎಂದು ಕೇಳಲಿ.